ಎರಡು ಸುತ್ತು

ಸಾಗರದ ಆಸ್ಪತ್ರೆ, ಮಕ್ಕಳ ವಾರ್ಡು, ರಾತ್ರಿ ಪಾಳಿ.
ಕೇಸ್ ಶೀಟಿನಲ್ಲಿ ಒಂದು ಚೌಕ ಖಾಲಿ:
ಮನೆಯಲ್ಲಿ ಕೊಟ್ಟ ಔಷಧಿ, ಪ್ರಮಾಣ.

'ಬಜೆ ಎರಡು ಸುತ್ತು' ಅಂದಳು
ಕಾರ್ಗಲ್ಲಿನ ಹೂವಮ್ಮ, ಮೊಮ್ಮಗನ ಪಾದ ಹಿಡಿದುಕೊಂಡೇ.
'ಜಾಯಿಕಾಯಿ ಒಂದು. ಅಳಲೆ, ಅರ್ಧ.'

ರಾಯಚೂರಿನ ಹೊಸ ಡಾಕ್ಟರು ಪೆನ್ನು ತಡೆದರು.
ಸುತ್ತು ಅಂದ್ರೆ ಎಷ್ಟು ಎಂಜಿ?

ಸಿಸ್ಟರು ನಾನು. ನನಗೆ ಗೊತ್ತಿದ್ದ ಸುತ್ತು
ತಲೆಗೆ ಬರುವುದು, ಉಗುರಿಗೆ ಆಗುವುದು,
ಮದುವೆ ದಿನ ಕಾಲ್ಬೆರಳಿಗೆ ತೊಡಿಸಿದ್ದು,
ಬೆಳಿಗ್ಗೆ ಎಂಟಕ್ಕೆ ದೊಡ್ಡ ಡಾಕ್ಟರು ಬರುವುದು.

ಹೂವಮ್ಮ ಊಟದ ತಟ್ಟೆ ಬೋರಲು ಹಾಕಿ
ಬಜೆಯಿಲ್ಲದ ಬೆರಳಿಟ್ಟು
ತೇದಳು. ಒಂದು.
ಮಲಗಿದವರ ಹಣೆ ಸವರುವಷ್ಟು ಹಗುರ.
ಎರಡು.
'ಮೂರು ತಿಂಗಳ ಕೂಸಿಗೆ ಇಷ್ಟೇ. ಹಲ್ಲು ಬಂದ್ರೆ ನಾಕು.
ಕೈ ಭಾರ ಇದ್ದೋರು ತೇಯಬಾರ್ದು,
ಸಿಟ್ಟಲ್ಲಂತೂ ಯಾರೂ.'

ಡಾಕ್ಟರು ನಗಲಿಲ್ಲ. ಕಲ್ಲು ಯಾವುದು, ಅಂದರು.
'ನಮ್ಮತ್ತೇದು. ನಡುವೆ ಗುಳಿ ಬಿದ್ದಿದೆ.'
ಗುಳಿಯಲ್ಲಿದ್ದ ಕಲ್ಲು
ಯಾರ್ಯಾರ ಹೊಟ್ಟೆಗೆ ಹೋಯಿತೋ,
ಅದನ್ನು ಯಾವ ಚೌಕದಲ್ಲೂ ಯಾರೂ ಕೇಳಿಲ್ಲ.

ಡ್ರಿಪ್ಪು ಹನಿಯುತ್ತಿತ್ತು, ನಿಮಿಷಕ್ಕೆ ಎಂಟು.
ವಾಚು ನೋಡದೆ ನನಗೆ ಅದನ್ನು ಹೇಳಲಾಗದು.

'ಗೊತ್ತಿಲ್ಲ' ಎಂದು ಬರೆದರು. ಹೊಡೆದು ಹಾಕಿದರು.
ಆಮೇಲೆ ಕನ್ನಡದಲ್ಲಿ, ಶಾಲೆ ಹುಡುಗನ ಅಕ್ಷರದಲ್ಲಿ,
ಎರಡು ಸುತ್ತು.
ಕೊನೆಯ ಕೊಂಬು ಚೌಕದ ಗೆರೆ ದಾಟಿ
ಪಕ್ಕದ ಜ್ವರದ ಖಾನೆಗೆ ಹೋಗಿತ್ತು.

ಕೂಸು ಉಚ್ಚೆ ಹೊಯ್ದಿತ್ತು.
ಒಳ್ಳೇದೇ ಆಯ್ತು ಬಿಡು, ಅಂದುಕೊಂಡು
ಬಟ್ಟೆ ಬದಲಿಸಿದೆ.