ರಾತ್ರಿ ಹತ್ತರ ಎರಡು ಚಮಚ

ಡಬ್ಬಿ ಮನಿಗೆ ಬಂದ ದಿನ ಇವರು
ಮೊದಲು ನೋಡಿದ್ದು ಬೆಲಿ ಅಲ್ಲ, ಅಕ್ಷರ.
ಕನ್ನಡಕ ಹಣಿಗೇರಿಸಿ, ಮೂಗಿನ ತುದಿಗೆ ಹಿಡದು,
"ಪೌಷ್ಟಿಕದಾಗ ಒತ್ತು ಉದುರೇತಿ, ಪ್ರೂಫ್ ನೋಡಿಲ್ಲ" ಅಂದ್ರು.
ಬೆಲಿ ನಾನು ನೋಡಿದ್ದೆ.
ನಲವತ್ತು ಸೀರಿಗೆ ಫಾಲ್ ಹಚ್ಚಿದ ರೊಕ್ಕ.

ಮೂವತ್ತೊಂದು ವರ್ಷ ಗದಗಿನ ಒಂದ ಪ್ರೆಸ್ಸಿನಾಗ
ಸೀಸದ ಮೊಳಿ ಜೋಡಿಸಿದ ಕೈ.
ತಿರುವುಮುರುವು ಇದ್ರ ಸಲೀಸು, ನೆಟ್ಟಗಿದ್ರ ಓದಾಕ ತ್ರಾಸು
ಅಂತ ನಗಸ್ತಿದ್ರು, ಲಗ್ನಾದ ಹೊಸದರಾಗ.
ಕುಡದವರಲ್ಲ. ಒಂದ ದಿನಾನೂ.
ಯಾವಾಗೋ ಯಾರದೋ ಸೂಜಿಯಿಂದ ಬಂದ ಕಾಮಣಿ
ಸದ್ದಿಲ್ಲದ ಒಳಗ ಕುಂತು ಲಿವರನ್ನ ಗಂಟು ಗಂಟು ಮಾಡೇತಿ
ಅಂತ ಹುಬ್ಬಳ್ಳಿ ಡಾಕ್ಟರು ಚಿತ್ರ ಬರದು ತೋರಿಸಿದ್ರು.
ಓಣ್ಯಾಗ ಆ ಚಿತ್ರ ಯಾರಿಗಂತ ತೋರಸ್ಲಿ?
"ಹೌದ ಬಿಡ್ರಿ ವೈನಿ" ಅಂತಾರ.
ಆ ಹೌದು ಎಂಥಾದ್ದು ಅಂತ ನಾ ಬಲ್ಲೆ.

ಒಂದು ವರ್ಷ ನಾನ ಇವರನ್ನ ಉಪವಾಸ ಕೆಡವಿದೆ.
ಬ್ಯಾಳಿ ಬ್ಯಾಡ, ಮಸರ ಬ್ಯಾಡ, ತತ್ತಿ ಅಂತೂ ಹೆಸರ ತಗೀಬ್ಯಾಡ,
ಲಿವರಿಗೆ ಭಾರ ಆಗತೈತಿ ಅಂದಿದ್ಲು ಬಸಲಿಂಗವ್ವತ್ತಿ.
ನಂಬಿ ನುಚ್ಚಿನ ಗಂಜಿ
ತಿಳಿ ಮಾಡಿ, ಇನ್ನಷ್ಟು ತಿಳಿ ಮಾಡಿ ಕುಡಿಸಿದೆ.
ಹೊಟ್ಟಿ ಕೊಡ ಆತು, ತೊಡಿ ಕೋಲಾತು,
ಬಟ್ಟಿನ ಉಂಗುರ ಬಚ್ಚಲದಾಗ ಸಿಕ್ತು.

ಆಹಾರದ ಡಾಕ್ಟರಮ್ಮ, ಇನ್ನೂ ಸಣ್ಣ ಹುಡುಗಿ,
ಇವರ ರಟ್ಟಿಗೆ ಟೇಪು ಸುತ್ತಿದಳು.
ಟೇಪಿನ ನಂಬರು ನನಗ್ಯಾರೂ ಓದಿ ಹೇಳೂದು ಬ್ಯಾಡ:
ಏಳನೇತ್ತಾ ಹುಡುಗನ ಅಂಗಿ ತೋಳು.
"ಸಂಜಿಮುಂದ ಉಂಡು ಬೆಳಗಿನ ತನಕ ಬರೇ ಹೊಟ್ಟಿ,
ನಿಮಗದು ಒಂದು ರಾತ್ರಿ, ಇವರಿಗೆ ಮೂರು ದಿನ.
ಹಸದ ಮೈ ತನ್ನ ತೊಡೀನ ತಾನ ಉಣ್ಣತೈತಿ, ಅವ್ವಾ.
ಬ್ಯಾಳಿ ಬಂದ್ ಮಾಡ್ರಿ ಅಂತ ಯಾರು ಹೇಳಿದ್ದು?"
ನಾನು ಟೇಪು ನೋಡ್ಕೋತ ಕುಂತೆ.

ಈಗ ರಾತ್ರಿ ಹತ್ತು.
ಮುಚ್ಚಳ ತಗದ್ರ ಐಸ್‌ಕ್ರೀಮ್ ಅಂಗಡಿ ವಾಸನಿ.
ಎರಡು ಚಮಚ. ಗುಡ್ಡಿ ಅಲ್ಲ, ಸಪಾಟ.
ಪ್ರೆಸ್ ಮುಚ್ಚಿದ ದಿನ ಇವರು ಕಿಸೆದಾಗ ಇಟಗೊಂಡು ಬಂದ
ಹಿತ್ತಾಳಿ ಪಟ್ಟಿಯಿಂದ ಸವರತೇನಿ,
ಸಾಲಿಗೂ ಸಾಲಿಗೂ ನಡುವ ಹಾಕತಿದ್ರಲ್ಲ, ಅದ.

ತಿಂಗಳ ಕಡೀಕ ಡಬ್ಬಿ ತಳಾ ಕಂಡಾಗ
ಪುಟಾಣಿ ಹಿಟ್ಟು ಬೆರಸಿದೆ.
ಡಾಕ್ಟರಮ್ಮನ್ನ ಕೇಳಿದ್ದೆ, ಇವರಿಗೆ ಹೇಳಿರಲಿಲ್ಲ.
ಒಂದು ಗುಟುಕು. ಲೋಟ ಕೆಳಗಿಟ್ರು.
"ಎರಡನೇ ಮುದ್ರಣ ಏನು?
ಕಾಗದ ಬದಲಾದಂಗೈತಿ."
ಪೂರ್ತಿ ಕುಡದ್ರು.

ಮುಂಜಾನಿ ಎದ್ದಕೂಡಲೆ ಸಹಿ. ವಹ್ಯಾಗ, ತಾರೀಖು ಹಾಕಿ.
ಅಕ್ಷರ ನಡಗಿದ್ರ, ಒಂದರ ಮ್ಯಾಲೊಂದು ಬಿದ್ರ,
ತಲಿಗೆ ಮಂಕು ಏರಾಕತ್ತೇತಿ ಅಂತ ತಿಳದು
ತಡಾ ಮಾಡದ ಕರಕೊಂಡ ಬರ್ರಿ ಅಂದಾರ.
ಎಂಬತ್ತು ಮಂದಿ ತಿರಕಪ್ಪ, ಒಬ್ಬರ ಕೆಳಗ ಒಬ್ಬರು.
ಎಪ್ಪತ್ತೆರಡನೆಯವ ಸ್ವಲ್ಪ ವಾಲ್ಯಾನ; ಆ ದಿನ ಹೊರಕಡಿಗೆ ಆಗಿರಲಿಲ್ಲ.

ಮೊನ್ನಿ ಶುಕ್ರವಾರ ನೋಡತೇನಿ,
ಒಂದಕ್ಷರಾನೂ ಗುರುತು ಹತ್ತೂದಿಲ್ಲ.
ಎದಿ ಒಡೀತು. ಎಡಗಾಲ ಚಪ್ಪಲಿ ಬಲಗಾಲಿಗೆ ಮೆಟ್ಟಿ
ಆಟೋ ಕರಿಯಾಕ ಹೊಂಟೆ.
ಇವರು ಗ್ವಾಡಿ ಕನ್ನಡಿ ಕಡೆ ಬಟ್ಟು ಮಾಡಿ ಕುಂತಿದ್ರು.
ವಹಿ ಹಿಡದೆ.
ಕನ್ನಡಿಯೊಳಗ ತಿರಕಪ್ಪ, ನೆಟ್ಟಗ, ಒತ್ತು ಸಹಿತ,
ಮೊಳಿ ಜೋಡಿಸಿದಂಗ.

ಬೈದೆ. ಓಣಿ ಕೇಳೂಹಂಗ ಬೈದೆ.
ನಗೂದು ಒಂದು ಹೊತ್ತಾದ್ರೂ ನಿಲ್ಲಲಿಲ್ಲ,
ಹೊಟ್ಟಿ ಹಿಡಕೊಂಡು, ಆ ಕೊಡದಂಥ ಹೊಟ್ಟಿ.

ಆ ದಿನ ರಾತ್ರಿ ಹತ್ತಕ್ಕ
ಹಿತ್ತಾಳಿ ಪಟ್ಟಿ ಕೈಗೆ ತಗೊಳ್ಳಲಿಲ್ಲ.
ಚಮಚದ ಮ್ಯಾಲ ಗುಡ್ಡಿ ಹ್ಯಾಂಗಿತ್ತೋ ಹಂಗ ಹಾಕಿದೆ.