ನಲವತ್ತೊಂದನೇ ವಾರ

ಟೈರು ಹುಟ್ಟಿದ ದಿನ ಅದರ ಒಳಮಗ್ಗುಲಲ್ಲಿ ಇರುತ್ತದೆ.
ಅದಕ್ಕೇ ನಾನು, ಎಸೇಬಿಯೊ, ಐವತ್ತೆಂಟು ವರ್ಷ,
ಸೊಂಟ ಹಿಡಿದವನು,
ಮೂವತ್ತೆಂಟು ಅಡಿ ಉದ್ದದ ಮನೆಯೊಂದರ ಕೆಳಗೆ
ಅಂಗಾತ ತೆವಳಿ ಟಾರ್ಚು ಬಿಡುತ್ತೇನೆ.
ಮೂಗಿನಿಂದ ಒಂದು ಮೊಳ ಮೇಲೆ
ಯಾರದೋ ಅಡುಗೆಮನೆ.
ಚಮಚ ಬಟ್ಟಲಿಗೆ ತಾಗಿದ ಸದ್ದು.

ನಾಲ್ಕು, ಒಂದು, ಒಂದು, ಐದು.
ಎರಡು ಸಾವಿರದ ಹದಿನೈದು, ನಲವತ್ತೊಂದನೇ ವಾರ.

'ಹಲ್ಲು ಗಟ್ಟಿಯಾಗಿದೆಯಲ್ಲ' ಅಂದರು ವರ್ಲೀನ್,
ಉಗುರು ಇಳಿಸಿ ಗಾಡಿ ಅಳೆಯುತ್ತ.
ನೆಬ್ರಾಸ್ಕಾದ ಹಿಮದಲ್ಲಿ ಇಪ್ಪತ್ತಾರು ವರ್ಷ
ಶಾಲೆಯ ಬಸ್ಸು ಓಡಿಸಿದ ಕೈ.
ಹೌದಮ್ಮ, ಹಲ್ಲು ಹೊಸದರ ಹಾಗೇ ಇದೆ.
ಈ ಅರಿಜೋನಾದಲ್ಲಿ ಟೈರು ಓಡಿ ಸಾಯುವುದಿಲ್ಲ,
ನಿಂತು ಸಾಯುತ್ತದೆ:
ವರ್ಷಕ್ಕೆ ಎಂಟು ತಿಂಗಳು ಅದೇ ಜಲ್ಲಿ,
ಅದೇ ಪಕ್ಕೆಗೆ ಅದೇ ಬಿಸಿಲು.

ಹೆಬ್ಬೆರಳಿಟ್ಟು ಒತ್ತಿ ತೋರಿಸಿದೆ.
ಒತ್ತಿದರೆ ಬಿಟ್ಟುಕೊಂಡು, ಬಿಟ್ಟರೆ ಮುಚ್ಚಿಕೊಳ್ಳುವ
ಕೂದಲೆಳೆ ಬಿರುಕು.
ಮೇಲೆ ಥಳುಕು ಅನ್ನುವುದು ಇದಕ್ಕೇ.

'ಓರಿನ್ ಹಾಕಿಸಿದ್ದು.' ಅಷ್ಟೇ ಅಂದರು.
ಚಕ್ರದ ಕಮಾನಿನ ಒಳಗೆ ಬಿಳಿ ಮಾರ್ಕರಿನಲ್ಲಿ
ಅವನ ಅಕ್ಷರ ಇನ್ನೂ ಇತ್ತು:
ಮುಂದೆ ನೂರೈದು. ಹಿಂದೆ ತೊಂಬತ್ತೈದು.
ಬೆಳಗ್ಗೆ, ತಣ್ಣಗಿರುವಾಗಲೇ ನೋಡು.

ಆರೂ ಬದಲಿಸಬೇಕಾ?
ಮುಂದಿನದು ಒಡೆದರೆ ಸ್ಟೀರಿಂಗು
ಕೈಯಿಂದ ಕಿತ್ತುಕೊಂಡು ಹೋಗುತ್ತದೆ.
ಹಿಂದಿನದು ಜೋಡಿ. ಒಂದು ಹೋದರೆ
ಇನ್ನೊಂದು ಹೊರುತ್ತದೆ, ಸ್ವಲ್ಪ ದೂರ.
ಸ್ವಲ್ಪ ದೂರ ಎಂದರೆ ಎಷ್ಟು ಅಂತ
ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಮೇಲೆ ಕಂಪನಿ, ಬೆಲೆ, ಗ್ಯಾರಂಟಿಯ ಮಾತು.
ಮೊದಲು ತೂಕ, ಅಂದೆ.
ಜಲ್ಲಿ ಕ್ವಾರಿಯ ಕಾಟಾದ ಮೇಲೆ
ಒಂದೊಂದೇ ಮೂಲೆ ಹತ್ತಿಸಿ ಇಳಿಸಿದೆವು.
ಹಿಂದಿನ ಎಡಮೂಲೆ
ಬಲಕ್ಕಿಂತ ಒಂಬೈನೂರು ಪೌಂಡು ಜಾಸ್ತಿ.
'ಏನಿದೆ ಆ ಕಡೆ?'
'ಕಲ್ಲು.'

ನಿಜಕ್ಕೂ ಕಲ್ಲೇ.
ಕಾಫಿ ಡಬ್ಬಿ, ಕಾಫಿ ಡಬ್ಬಿ, ಕಾಫಿ ಡಬ್ಬಿ,
ಪ್ರತಿಯೊಂದರ ಮೇಲೂ ಒಂದು ಚೀಟಿ:
ಕಲ್ಲಾದ ಮರ. ಬೆಂಕಿಬಣ್ಣದ ಅಗೇಟು.
ಒಂದರ ಮೇಲೆ: ಏನೋ ಗೊತ್ತಿಲ್ಲ, ಚೆನ್ನಾಗಿದೆ.

'ಇಷ್ಟನ್ನೂ ಹೊರುವ ಟೈರು ಸಿಗುತ್ತದೆ, ದುಬಾರಿ.
ಇಲ್ಲದಿದ್ದರೆ' ಎಂದು ಶುರುಮಾಡಿ
ಜ್ಯಾಕಿನ ಹಿಡಿಕೆ ಒರೆಸತೊಡಗಿದೆ.

ಊಟ ಮುಗಿಸಿ ಬಂದರೆ
ಎಪ್ಪತ್ತನಾಲ್ಕರ ಹೆಂಗಸು, ತೋಳು ಮಡಿಸಿ,
ಎಡಗೂಡಿನ ಡಬ್ಬಿಗಳನ್ನು ಒಂದೊಂದಾಗಿ
ಬಲಗೂಡಿಗೆ ಸಾಗಿಸುತ್ತಿದ್ದಾರೆ.
ನನ್ನ ಹುಡುಗ ನೆಸ್ತೋರ್ ಹಿಂದೆ ಹಿಂದೆ.
'ತುಂಟರನ್ನೆಲ್ಲ ಒಂದೇ ಕಡೆ ಕೂರಿಸಬಾರದು'
ಎಂದು ಅವನಿಗೆ ಪಾಠ.

ಮತ್ತೆ ಕಾಟಾ. ಎರಡೂ ಕಡೆ
ಹೆಚ್ಚುಕಡಿಮೆ ಸಮ.
ದುಬಾರಿಯದು ಬೇಕಾಗಲಿಲ್ಲ.
ನನಗೆ ನಷ್ಟ; ಇರಲಿ.

ಆರು ಹೊಸ ಟೈರು, ಇನ್ನೂ ಮೈಮೇಲೆ ರಬ್ಬರಿನ ಎಳೆಗೂದಲು.
'ಅಂಕಿ ಹೊರಗೆ ಬರುವ ಹಾಗೆ ಹಾಕಿ.
ಮುಂದಿನ ಸಲ ಯಾರೂ ತೆವಳಬಾರದು.'
ಮುಂದಿನ ಸಲ ಎಂದರೆ ಏಳು ವರ್ಷ.
ಲೆಕ್ಕ ಹಾಕಲು ಹೋಗಿ ಬಿಟ್ಟೆ.
ಮಾರ್ಕರು ಕೇಳಿದರು.
ಓರಿನ್ ಬರೆದದ್ದನ್ನು ಅಳಿಸಲಿಲ್ಲ;
ಅದರ ಕೆಳಗೆ, ದಪ್ಪಕ್ಕೆ: ಮುಂದೆ ನೂರಾಹತ್ತು.
ತಣ್ಣಗಿರುವಾಗ ಅನ್ನುವುದಕ್ಕೆ ಅಡಿಗೆರೆ ಎಳೆದರು.

'ಐವತ್ತು ಮೈಲಿಗೆ ನಿಲ್ಲಿಸಿ,
ನಟ್ಟು ಇನ್ನೊಮ್ಮೆ ಬಿಗಿ ನೋಡಿ.'
ನಾನು ಎಲ್ಲರಿಗೂ ಹೇಳುತ್ತೇನೆ.
ಯಾರೂ ನಿಲ್ಲಿಸುವುದಿಲ್ಲ.

ಸಂಜೆ, ಇನ್ನೊಂದು ಗಾಡಿಯ ಕೆಳಗೆ
ಅಂಗಾತ ಮಲಗಿದವನು
ಕೈಗಡಿಯಾರಕ್ಕೆ ಟಾರ್ಚು ಬಿಟ್ಟು ನೋಡಿದೆ.
ಬೆಟ್ಟ ದಾಟಿರಬೇಕು.
ರಸ್ತೆಬದಿಗೆ ಎಳೆದಿರಬೇಕು.
ಅಷ್ಟುದ್ದದ ಸ್ಪ್ಯಾನರು ಹಿಡಿದು
ಇಳಿಯುತ್ತಿರಬೇಕು, ಈಗ.