ಹೆರಕಲ್ಲಿನ ಹತ್ತು ಮೀಟರು

ಚೈತ್ರದ ಚಿತ್ರ. ಹಿನ್ನೀರು ಹಿಂದೆ ಸರಿದಿದೆ.
ಘಟಪ್ರಭೆ ಕಪ್ಪು, ಜಾಲಿ ಕೆಂಪು,
ದಂಡೆಯ ಕಬ್ಬು ಇನ್ನೂ ಕೆಂಪು.
ನಮ್ಮ ನಕಾಶೆಯಲ್ಲಿ ಹಸಿರಿಗೆ ಅದೇ ಬಣ್ಣ.
ಹುಲಿಗೆವ್ವ ಅಂಬಿಗೇರ ಹಾಳೆ ತಿರುವಿ ನಕ್ಕಳು:
"ಯವ್ವಾ, ಹೊಳಿ ದಂಡೀಗೆ ಬೆಂಕಿ ಹಚ್ಚೀರಲ್ಲ!"

ನಡುಗಡ್ಡೆಯೊಂದಕ್ಕೆ ನಾನು ಬರೆದಿದ್ದೆ: ಖಾಲಿ ಮರಳು.
ನಲವತ್ತು ಚೌಕ, ಒಂದೊಂದೂ ಹತ್ತು ಮೀಟರು.
ಅವಳ ಹರಿಗೋಲು, ಬಲೆ, ಬುತ್ತಿ
ಎಲ್ಲ ಒಂದರೊಳಗೇ ಕರಗಿಹೋಗುವಷ್ಟು.

ಹುಟ್ಟು ಹಾಕಿ ಕರೆದೊಯ್ದಳು.
"ಚಪ್ಪಲಿ ಬಿಡ್ರಿ. ನೋಡಿ ಕಾಲಿಡ್ರಿ."
ನೋಡಿದೆ. ಮರಳು.
ಮತ್ತೆ ನೋಡಿದೆ. ಮರಳಿಗೆ ಮಚ್ಚೆಯಿತ್ತು:
ರೀವ ಹಕ್ಕಿಯ ಮೂರು ಮೊಟ್ಟೆ,
ನನ್ನ ಹೆಬ್ಬೆರಳಿಗೆ ಗೇಣು ದೂರ.
ನೆತ್ತಿಯ ಮೇಲೆ ತಾಯಿಯ ಚೀರಾಟ.

ಹದ್ದಿನ ಕಣ್ಣು ತಪ್ಪಿಸಲೆಂದು ಬಳಿದುಕೊಂಡ ಬಣ್ಣ
ಎಂಟುನೂರು ಕಿಲೋಮೀಟರು ಮೇಲಿನ ಕಣ್ಣಿಗೂ ಸಾಕಾಗಿತ್ತು.
ಮೋಸ ಹೋದದ್ದಕ್ಕೆ
ಅಂದು ನನಗೆ ಖುಷಿಯಾಯಿತು.

ರಾತ್ರಿ, ನವನಗರದ ಕೋಣೆಯಲ್ಲಿ
'ಖಾಲಿ' ಅಳಿಸಿದೆ. ಬದಲಿಗೆ ಏನೂ ಹೊಳೆಯಲಿಲ್ಲ.
ಉಪಗ್ರಹ ಮತ್ತೆ ಹಾಯುವುದು ಗುರುವಾರ.
ಅಲ್ಲಿಯವರೆಗೆ
ಹಿಡಕಲ್ಲಿನಲ್ಲಿ ಯಾರೂ ಗೇಟು ಮುಟ್ಟದಿರಲಿ.